ಹಣೆಯಿಂದ ಕೊಟ್ಟ ಚೆಂಡು

ಶಾಲಾ ಹುಡುಗರ ಫುಟ್‌ಬಾಲ್ ಪಂದ್ಯಗಳಿಗೆ ನಾನು ರೆಫರಿಯಾಗಿ ನಿಲ್ಲುತ್ತೇನೆ. ಅಡ್ಡ ಕೊಟ್ಟ ಕಾಲು, ಹಿಡಿದೆಳೆದ ಅಂಗಿ ಕಣ್ಣಿಗೆ ಬೀಳುತ್ತವೆ, ಸೀಟಿ ಊದಿದರೆ ಮುಗಿಯಿತು. ನಿಜವಾಗಿ ಕಾಡುವುದು ನಿಯಮದ ಸಂದಿಯಲ್ಲಿ ನುಸುಳುವ ಜಾಣತನ.

ಕೋಲಾರದಲ್ಲಿ, ಅಂತರಗಂಗೆ ಬೆಟ್ಟ ಕಾಣುವ ಮೈದಾನವೊಂದರಲ್ಲಿ ನಡೆದ ಪಂದ್ಯ. ಮುಗಿಯಲು ನಾಲ್ಕು ನಿಮಿಷ ಬಾಕಿ. ಒಂದು ಗೋಲಿನಿಂದ ಮುಂದಿದ್ದ ತಂಡದ ಡಿಫೆಂಡರ್ ಬಳಿ ಚೆಂಡಿತ್ತು, ಎದುರಾಳಿ ಇನ್ನೂ ದೂರ. ಹುಡುಗ ಗೆರೆಯಾಚೆ ನಿಂತಿದ್ದ ತನ್ನ ಮೇಷ್ಟ್ರ ಕಡೆ ಒಮ್ಮೆ ನೋಡಿದ. ಚೆಂಡನ್ನು ಬೂಟಿನ ತುದಿಯಿಂದ ಮೇಲಕ್ಕೆ ಚಿಮ್ಮಿಸಿ, ಹಣೆಯಿಂದ ತಳ್ಳಿ ಗೋಲ್‌ಕೀಪರ್ ಕೈ ಸೇರಿಸಿದ. ನಾನು ಸೀಟಿ ಊದಿದೆ. ಅವನಿಗೆ ಹಳದಿ ಕಾರ್ಡ್, ಎದುರು ತಂಡಕ್ಕೆ ಇಂಡೈರೆಕ್ಟ್ ಫ್ರೀ ಕಿಕ್.

ಮೇಷ್ಟ್ರು ಓಡಿ ಬಂದರು. ‘ತಲೆಯಿಂದ ಕೊಟ್ಟರೆ ಕೀಪರ್ ಹಿಡಿಯಬಹುದಲ್ಲ, ಸರ್?’

ಹಿಡಿಯಬಹುದು, ಆಟದ ಓಟದಲ್ಲಿ ತಾನಾಗಿ ತಲೆಗೆ ಬಂದ ಚೆಂಡಾದರೆ. 1990ರ ವಿಶ್ವಕಪ್‌ನಲ್ಲಿ ಚೆಂಡನ್ನು ಕೀಪರ್‌ಗೆ ಹಿಂದಿರುಗಿಸುತ್ತ ಹೊತ್ತು ಕಳೆದ ಆಟ ನೋಡಿ ಜನ ಬೇಸತ್ತಿದ್ದರು. 1992ರಲ್ಲಿ, ಸಹ ಆಟಗಾರ ಬೇಕೆಂದೇ ಕಾಲಿನಿಂದ ಒದ್ದುಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟಬಾರದೆಂಬ ನಿಯಮ ಬಂತು. ಅದನ್ನು ತಪ್ಪಿಸಿಕೊಳ್ಳಲೆಂದೇ ತಲೆ, ಎದೆ, ಮೊಣಕಾಲು ಬಳಸಿದರೆ ಅದು ಕ್ರೀಡಾಸ್ಫೂರ್ತಿಗೆ ವಿರುದ್ಧ. ಕೀಪರ್ ಚೆಂಡನ್ನು ಕೈಯಲ್ಲಿ ಮುಟ್ಟದಿದ್ದರೂ ತಪ್ಪು ತಪ್ಪೇ. ಹೀಗಾಗಿ ನಾನು ನೋಡುವುದು ಚೆಂಡು ತಲೆಗೆ ಹೇಗೆ ಬಂತು ಎಂಬುದನ್ನು. ಅಂದು ಆ ಹುಡುಗ ಒತ್ತಡವೇ ಇಲ್ಲದೆ ತಾನೇ ಚಿಮ್ಮಿಸಿಕೊಂಡಿದ್ದ, ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕಿಕ್ ಸಿಕ್ಕಿದ್ದು ಗೋಲಿನಿಂದ ಸುಮಾರು ಎಂಟು ಮೀಟರ್ ದೂರದಲ್ಲಿ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಅಷ್ಟು ಜಾಗವಿಲ್ಲದಿದ್ದರೆ ಕಂಬಗಳ ನಡುವೆ ತಮ್ಮ ಗೋಲ್ ಗೆರೆಯ ಮೇಲೆ ನಿಲ್ಲಬಹುದು. ಹನ್ನೊಂದು ಹುಡುಗರೂ ಭುಜಕ್ಕೆ ಭುಜ ತಾಗಿಸಿ ಬೇಲಿಯಂತೆ ನಿಂತರು. ಇದು ಇಂಡೈರೆಕ್ಟ್ ಕಿಕ್ ಎಂದು ತಿಳಿಸಲು ನಾನು ಕೈ ಮೇಲೆತ್ತಿ ಹಿಡಿದೆ. ಒದೆಯಲು ಬಂದ ಹುಡುಗ ನೇರವಾಗಿ ಬಾರಿಸಿದ. ಚೆಂಡು ಎಲ್ಲರ ತಲೆ ದಾಟಿ, ಅಡ್ಡಪಟ್ಟಿಯ ಕೆಳಗಿಂದ ಬಲೆಗೆ ಬಿತ್ತು. ಎಂಥ ಸೊಗಸಾದ ಹೊಡೆತ! ಆದರೆ ದಾರಿಯಲ್ಲಿ ಯಾರನ್ನೂ ಸೋಕಿರಲಿಲ್ಲ. ಇಂಡೈರೆಕ್ಟ್ ಕಿಕ್‌ನಲ್ಲಿ ಇನ್ನೊಬ್ಬ ಆಟಗಾರನಿಗೆ ತಗುಲದ ಚೆಂಡು ಗೋಲಾಗದು. ಗೋಲ್ ಕಿಕ್ ಕೊಟ್ಟೆ. ಮೋಸ ಮಾಡಿದ ತಂಡವೇ ಕುಣಿದಾಡಿತು. ಅದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು, ಆದರೂ ನಿಯಮವನ್ನು ನನಗೆ ಬೇಕಾದ ಕಡೆಗೆ ಬಗ್ಗಿಸುವ ಹಕ್ಕು ನನಗಿಲ್ಲ.

ಪಂದ್ಯ ಮುಗಿದ ಮೇಲೆ ಆ ಕಿಕ್ ಹೊಡೆದ ಹುಡುಗ ಬಂದ. ಕೆಮ್ಮಣ್ಣು ಮೆತ್ತಿದ ಮುಖದಲ್ಲಿ ಕಣ್ಣೀರು ಗೆರೆ ಎಳೆದಿತ್ತು. ‘ಕೈ ಮೇಲೆತ್ತಿದ್ದು ಯಾಕೆ, ಸರ್?’ ಎಂದು ಕೇಳಿದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಟಾಸ್‌ಗೆ ಮುಂಚೆ ಎರಡೂ ತಂಡಗಳನ್ನು ಪೂರ್ತಿಯಾಗಿ ಕರೆಯುತ್ತೇನೆ. ಚೆಂಡು ಚಿಮ್ಮಿಸಿ ಆ ತಂತ್ರವನ್ನು ತೋರಿಸುತ್ತೇನೆ, ಕೈ ಎತ್ತಿ ಅದರ ಅರ್ಥ ಹೇಳುತ್ತೇನೆ. ಮೇಷ್ಟ್ರುಗಳನ್ನೂ ಹತ್ತಿರ ಬಂದು ನಿಲ್ಲಲು ಕೇಳಿಕೊಳ್ಳುತ್ತೇನೆ.