ಊರು ಬಿಟ್ಟವರು ಈಗ ಎಲ್ಲಿದ್ದಾರೆ? ಲೆಕ್ಕ ಹಿಡಿಯೋದು ಹೀಗೆ

ಹೊಳೆ ಉಕ್ಕಿತು, ಇಲ್ಲಾ ಗುಂಡಿನ ಸದ್ದು ಕೇಳಿಸಿತು. ಜನ ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಹೊರಟರು. ಎರಡು ದಿನದಲ್ಲಿ ಟಾರ್ಪಾಲು, ಕಂಬಳಿ, ನೀರಿನ ಕ್ಯಾನು ತುಂಬಿದ ಲಾರಿಗಳು ಸಾಲಾಗಿ ನಿಂತಿವೆ. ಡ್ರೈವರ್ ಕೇಳುವುದು ಒಂದೇ ಮಾತು: ಎಲ್ಲಿಗೆ ಹೋಗಬೇಕು?

ಯಾರಿಗೂ ಗೊತ್ತಿಲ್ಲದಿದ್ದರೆ ಲಾರಿ ರಸ್ತೆ ಚೆನ್ನಾಗಿರುವ ಕಡೆ ಹೋಗುತ್ತದೆ. ಟಿವಿಯಲ್ಲಿ ತೋರಿಸಿದ ಶಿಬಿರಕ್ಕೆ ಹೋಗುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಮೂರು ಕಂಬಳಿ, ಹತ್ತು ಕಿಲೋಮೀಟರ್ ಆಚೆ ಒಂದೂ ಇಲ್ಲ. ಇದನ್ನು ತಪ್ಪಿಸೋಕೆ ಜಗತ್ತಿನಲ್ಲಿ ಒಂದು ದೊಡ್ಡ ಏರ್ಪಾಡೇ ಇದೆ. ವಿಶ್ವಸಂಸ್ಥೆಯ ವಲಸೆ ಸಂಸ್ಥೆ, ಅಂದರೆ ಐಒಎಂ, 2004ರಲ್ಲಿ ಇರಾಕ್‌ನಲ್ಲಿ ಒಂದು ಪದ್ಧತಿ ಶುರು ಮಾಡಿತು. ಅದರ ಹೆಸರು ಡಿಸ್‌ಪ್ಲೇಸ್‌ಮೆಂಟ್ ಟ್ರ್ಯಾಕಿಂಗ್ ಮ್ಯಾಟ್ರಿಕ್ಸ್. ಎಲ್ಲರೂ ಡಿಟಿಎಂ ಅಂತಾರೆ. ಹೆಸರು ಭಾರಿ ಅನ್ನಿಸಿದರೂ ಒಳಗಿನ ಕೆಲಸ ಸರಳ. ಹೋಗಿ ಕೇಳು, ಬರೆದುಕೋ, ತಾಳೆ ನೋಡು, ಮತ್ತೆ ಹೋಗು. ಅದನ್ನು ಮಾಡುವುದು ಹೇಗೆ ಅಂತ ನೋಡೋಣ.

ಮೊದಲು: ಯಾರನ್ನು ಎಣಿಸುತ್ತಿದ್ದೇವೆ?

ನಾವು ಕನ್ನಡದಲ್ಲಿ ಮನೆ ಕಳೆದುಕೊಂಡವರನ್ನೆಲ್ಲ ಸಲೀಸಾಗಿ "ನಿರಾಶ್ರಿತರು" ಅಂದುಬಿಡುತ್ತೇವೆ. ಮಾತಿಗೆ ಸರಿ, ಲೆಕ್ಕಕ್ಕೆ ಸರಿಯಲ್ಲ. ಕಿರುಕುಳಕ್ಕೆ ಹೆದರಿ ದೇಶದ ಗಡಿ ದಾಟಿದವರಿಗೆ 1951ರ ನಿರಾಶ್ರಿತರ ಒಪ್ಪಂದದ ರಕ್ಷಣೆ ಇದೆ. ಗಡಿ ದಾಟದೆ ತಮ್ಮದೇ ದೇಶದಲ್ಲಿ ನೆಲೆ ತಪ್ಪಿದವರಿಗೆ ಅದು ಸಿಗೋದಿಲ್ಲ. ಅವರಿಗಾಗಿ ವಿಶ್ವಸಂಸ್ಥೆ 1998ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ತಂದಿತು. ಯುದ್ಧ, ಹಿಂಸೆ, ಮಾನವ ಹಕ್ಕುಗಳ ಉಲ್ಲಂಘನೆ, ಪ್ರಕೃತಿ ವಿಕೋಪ ಅಥವಾ ಮನುಷ್ಯರೇ ತಂದುಕೊಂಡ ವಿಕೋಪ, ಇವುಗಳಿಂದಾಗಿ ಬೇರೆ ದಾರಿಯಿಲ್ಲದೆ ಮನೆ ಬಿಟ್ಟು ಗಡಿಯೊಳಗೇ ಉಳಿದವರು ಈ ಗುಂಪಿಗೆ ಸೇರುತ್ತಾರೆ. ಆದರೆ ಇದು ಕಾನೂನಲ್ಲ, ಸೂತ್ರ ಅಷ್ಟೇ. ಆಫ್ರಿಕಾದ ದೇಶಗಳು ಮಾತ್ರ 2009ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ಇದನ್ನು ಒಪ್ಪಂದವಾಗಿ ಬರೆದುಕೊಂಡವು, 2012ರಲ್ಲಿ ಅದು ಜಾರಿಗೆ ಬಂತು.

ಕೆಲಸ ಹುಡುಕಿಕೊಂಡು ಗುಳೆ ಹೋದವರ ವಿಷಯ? ಅವರನ್ನು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಬರ ಬಂದಾಗ ಮಾತ್ರ ಈ ಗೆರೆ ಅಳಿಸಿ ಹೋಗುತ್ತದೆ. ಬೆಳೆ ಒಣಗಿ, ದನ ಸತ್ತು, ಊರು ಬಿಟ್ಟವನು ಕೆಲಸಕ್ಕೆ ಬಂದನೋ ಓಡಿ ಬಂದನೋ? ಇಂಥ ಕಡೆ ಗಣತಿದಾರರು ತೀರ್ಪು ಕೊಡಬಾರದು. "ಯಾಕೆ ಹೊರಟಿರಿ, ಈಗ ವಾಪಸ್ ಹೋಗೋಕೆ ಆಗುತ್ತಾ?" ಅಂತ ಎರಡು ಪ್ರಶ್ನೆ ಕೇಳಿ ಉತ್ತರವನ್ನು ಇದ್ದ ಹಾಗೇ ಬರೆದುಕೊಂಡರೆ ಸಾಕು.

ಊರಿನ ಹೆಸರಿನ ತಲೆನೋವು

ಒಂದೇ ಊರನ್ನು ಒಬ್ಬ ಒಂದು ಥರ ಬರೆಯುತ್ತಾನೆ, ಇನ್ನೊಬ್ಬ ಇನ್ನೊಂದು ಥರ. ಕಂಪ್ಯೂಟರಿಗೆ ಅದು ಎರಡು ಊರು. ಜನ ಎರಡು ಪಟ್ಟು. ಅದಕ್ಕೇ ಪ್ರತಿ ಜಿಲ್ಲೆಗೆ, ಪ್ರತಿ ಊರಿಗೆ ಒಂದು ನಂಬರ್ ಕೊಡುತ್ತಾರೆ. ಇದನ್ನು ಪಿ-ಕೋಡ್ ಅಂತಾರೆ. ಆಹಾರ ಕೊಡುವವರು, ನೀರು ಕೊಡುವವರು, ಔಷಧಿ ಕೊಡುವವರು ಎಲ್ಲರೂ ಅದೇ ನಂಬರ್ ಬಳಸಿದರೆ ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಪಟ್ಟಿಯ ಪಕ್ಕ ಇಟ್ಟು ನೋಡಬಹುದು. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ವಾಪಸ್ ಬಂದೇ ಬರುತ್ತಾರೆ.

ಊರು ಬಲ್ಲವರನ್ನು ಕೇಳುವುದು

ಇದೇ ಇಡೀ ಕೆಲಸದ ತಿರುಳು. ಮನೆಮನೆಗೆ ಹೋಗಿ ಎಣಿಸೋಕೆ ಟೈಮ್ ಇರೋದಿಲ್ಲ, ಜನವೂ ಇರೋದಿಲ್ಲ. ಅದಕ್ಕೆ ಊರಿನ ವಿಷಯ ಗೊತ್ತಿರುವ ಕೆಲವರನ್ನು ಹುಡುಕುತ್ತಾರೆ. ಹಿರಿಯರು, ಮೇಷ್ಟ್ರು, ನರ್ಸಮ್ಮ, ಅಂಗಡಿಯವರು. ಇವರನ್ನು "ಮಾಹಿತಿದಾರರು" ಅಂತ ಮಾತ್ರ ಕರೆಯಬೇಡಿ. ಆ ಪದ ಕೇಳಿದರೆ ಪೊಲೀಸ್ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ಒಂದು ಕಾಲ್ಪನಿಕ ಊರು ಇಟ್ಟುಕೊಳ್ಳೋಣ. ಗಣತಿಗೆ ಬಂದ ಹುಡುಗಿ ಊರಿನ ಹಿರಿಯರನ್ನು ಕೇಳುತ್ತಾಳೆ: "ಯಜಮಾನರೇ, ಹೊರಗಿನಿಂದ ಬಂದವರು ಎಷ್ಟು ಸಂಸಾರ ಇದ್ದಾರೆ?"

"ಒಂದು ಇನ್ನೂರು ಇರಬಹುದಮ್ಮಾ."

ಇನ್ನೂರು. ಗುಂಡಗಿರುವ ಸಂಖ್ಯೆ ಕಂಡರೆ ಅನುಮಾನ ಬರಬೇಕು. ಹಾಗಂತ ಯಜಮಾನರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬಂದವರು ಜಾಸ್ತಿ ಅಂದರೆ ಊರಿಗೆ ಜಾಸ್ತಿ ನೆರವು ಬರುತ್ತೆ ಅನ್ನೋದು ಯಾರಿಗಾದರೂ ಹೊಳೆಯುತ್ತದೆ. ಕೆಲವು ಕಡೆ ಇದರ ಉಲ್ಟಾನೂ ಆಗುತ್ತದೆ, ಯಾರಿಗೋ ಹೆದರಿ ಕಡಿಮೆ ಹೇಳುತ್ತಾರೆ. ಹುಡುಗಿ ವಾದ ಮಾಡೋದಿಲ್ಲ. ಪ್ರಶ್ನೆಯನ್ನು ಒಡೆಯುತ್ತಾಳೆ. "ಎಲ್ಲೆಲ್ಲಿ ಇದ್ದಾರೆ ಯಜಮಾನರೇ?" ಶಾಲೆಯಲ್ಲಿ ನಲವತ್ತು, ಹಳೇ ಗೋದಾಮಿನಲ್ಲಿ ಇಪ್ಪತ್ತೈದು. ಉಳಿದವರು ನೆಂಟರ ಮನೆಯಲ್ಲಿ. "ಯಾವ ಬೀದಿ, ಯಾರ ಮನೆ?" ಅಂತ ಕೇಳಿದರೆ ಯಜಮಾನರೇ ಬೆರಳು ಮಡಚಿ ಎಣಿಸುತ್ತಾರೆ, 71 ಆಗುತ್ತದೆ. ಒಟ್ಟು 136. ಆಮೇಲೆ ನರ್ಸಮ್ಮನನ್ನು ಕೇಳಿದರೆ 145 ಅಂತಾರೆ. ಹೋಗಿ ಶಾಲೆಯನ್ನು ಕಣ್ಣಾರೆ ನೋಡಿದರೆ 38 ಒಲೆ ಉರಿಯುತ್ತಿವೆ, ಎರಡು ಕಡೆ ಎರಡೆರಡು ಸಂಸಾರ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿವೆ. ಅಲ್ಲಿಗೆ ಶಾಲೆಯ ನಲವತ್ತು ಸರಿ. ಹುಡುಗಿ 140 ಅಂತ ಬರೆದು, ಪಕ್ಕದಲ್ಲಿ "ಮೂರು ಕಡೆ ತಾಳೆ ನೋಡಿದೆ, ಮನೆಗಳಲ್ಲಿ ಇರುವವರ ಲೆಕ್ಕ ಅಂದಾಜು" ಅಂತ ಸೇರಿಸುತ್ತಾಳೆ. ನನ್ನ ಪ್ರಕಾರ 140 ಅನ್ನೋ ಸಂಖ್ಯೆಗಿಂತ ಆ ಪಕ್ಕದ ಸಾಲೇ ಜಾಸ್ತಿ ಬೆಲೆ ಬಾಳೋದು.

ಇನ್ನೊಂದು ಗುಣಾಕಾರ ಬಾಕಿ ಇದೆ. ಸಂಸಾರಕ್ಕೆ ಎಷ್ಟು ಜನ? ಹಳೇ ಜನಗಣತಿಯ ಸರಾಸರಿ ಹಾಕಿಬಿಟ್ಟರೆ ತಪ್ಪುತ್ತೀರಿ. ಓಡಿ ಬರುವಾಗ ಅಣ್ಣನ ಮಕ್ಕಳು, ಪಕ್ಕದ ಮನೆ ಅಜ್ಜಿ ಎಲ್ಲ ಜೊತೆಗೆ ಬಂದಿರುತ್ತಾರೆ, ಇಲ್ಲಾ ಗಂಡಸರು ಹಿಂದೆ ಉಳಿದು ಸಂಸಾರ ಚಿಕ್ಕದಾಗಿರುತ್ತದೆ. ಒಂದಷ್ಟು ಸಂಸಾರಗಳನ್ನು ಯಾವುದೋ ಒಂದು ಮೂಲೆಯಿಂದ ಮಾತ್ರ ಆರಿಸದೆ, ಅಲ್ಲಲ್ಲಿ ಆರಿಸಿ ತಲೆ ಎಣಿಸಬೇಕು. ನಮ್ಮ ಊರಿನಲ್ಲಿ ಸರಾಸರಿ 6.2 ಬಂತು ಅಂತ ಇಟ್ಟುಕೊಳ್ಳಿ. 140 ಸಂಸಾರಕ್ಕೆ 868 ಜನ.

ಸಂಖ್ಯೆಯಿಂದ ಲಾರಿಗೆ

868 ಜನ ಅಂದರೆ ಏನು ಕಳಿಸಬೇಕು? ಇದಕ್ಕೆ ನೆರವಿನ ಸಂಸ್ಥೆಗಳೆಲ್ಲ ಒಪ್ಪಿಕೊಂಡ ಸ್ಫಿಯರ್ ಮಾನದಂಡಗಳಿವೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. 20 ಜನಕ್ಕೆ ಒಂದು ಶೌಚಾಲಯ, ತೀರಾ ಮೊದಲ ದಿನಗಳಲ್ಲಿ 50 ಜನಕ್ಕೆ ಒಂದಾದರೂ ಸರಿ. ಸೂರಿನ ಕೆಳಗೆ ತಲೆಗೆ 3.5 ಚದರ ಮೀಟರ್ ಜಾಗ.

ಹಾಕಿ ನೋಡಿ. ನೀರು ದಿನಕ್ಕೆ ಸುಮಾರು 13,000 ಲೀಟರ್. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಸಾಲೋದಿಲ್ಲ. ಶೌಚಾಲಯಕ್ಕೆ 868ನ್ನು 20ರಿಂದ ಭಾಗಿಸಿ 44 ಅಂದರೆ ಅದು ತಪ್ಪು, ಯಾಕಂದರೆ ನೆಂಟರ ಮನೆಯಲ್ಲಿ ಇರುವವರಿಗೆ ಹೊಸದಾಗಿ ಕಟ್ಟಬೇಕಿಲ್ಲ, ಅವರಿಗೆ ಬೇಕಾದದ್ದು ಬೇರೆ. ಶಾಲೆ ಮತ್ತು ಗೋದಾಮಿನ 65 ಸಂಸಾರ, ಅಂದರೆ ಸುಮಾರು 403 ಜನ. ಅವರಿಗೆ 21 ಶೌಚಾಲಯ. ಇನ್ನು ಶಾಲೆಯಲ್ಲಿ ಎಂಟು ರೂಮು ಇವೆ ಅಂತ ಇಟ್ಟುಕೊಳ್ಳಿ, ಒಂದೊಂದು 42 ಚದರ ಮೀಟರ್. ಮಾನದಂಡದ ಪ್ರಕಾರ ರೂಮಿಗೆ 12 ಜನ. ಇರುವುದು 31 ಜನ! ಹಾಗಾಗಿ ಮೊದಲು ಹೋಗಬೇಕಾದ್ದು ಕಂಬಳಿ ಅಲ್ಲ, ಟೆಂಟು.

ಎಲ್ಲಿ ಮಲಗುತ್ತಾರೆ ಅನ್ನೋದನ್ನು ಕೇಳದೆ ಬರೀ ತಲೆ ಎಣಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನೆಂಟರ ಮನೆ ಸೇರಿದವರಂತೂ ಕಣ್ಣಿಗೇ ಬೀಳೋದಿಲ್ಲ. ಶಿಬಿರ ಫೋಟೋದಲ್ಲಿ ಕಾಣುತ್ತದೆ, ಎರಡು ರೂಮಿನ ಮನೆಯಲ್ಲಿ ಹದಿನಾಲ್ಕು ಜನ ಇರೋದು ಕಾಣೋದಿಲ್ಲ. ಆ ಮನೆಯವರ ಡಬ್ಬಿ ಕೂಡ ಖಾಲಿ ಆಗುತ್ತಾ ಬಂದಿರುತ್ತದೆ, ಅವರಿಗೂ ಪಾಲು ಸಿಗಬೇಕು.

ಹೆಂಗಸರನ್ನು ಬೇರೆಯಾಗಿ, ಹೆಂಗಸರೇ ಕೇಳಬೇಕು. ಶೌಚಾಲಯ ಇದೆಯಾ ಅಂದರೆ ಗಂಡಸರು ಇದೆ ಅಂತಾರೆ. ಒಳಗಿನಿಂದ ಚಿಲಕ ಇಲ್ಲ, ರಾತ್ರಿ ದೀಪ ಇಲ್ಲ, ಕತ್ತಲಾದ ಮೇಲೆ ಯಾರೂ ಹೋಗೋದಿಲ್ಲ ಅನ್ನೋದು ಹೆಂಗಸರ ಬಾಯಿಂದಲೇ ಬರಬೇಕು.

ಹೋಗೋಕೇ ಆಗದಿದ್ದರೆ

ರಸ್ತೆ ಕೊಚ್ಚಿಹೋಗಿದೆ, ಅಥವಾ ಯುದ್ಧ ನಡೆಯುತ್ತಿದೆ. ಆಗ ಬೇರೆ ದಾರಿ. ಬಸ್ ನಿಲ್ದಾಣ, ಸೇತುವೆ, ಚೆಕ್‌ಪೋಸ್ಟ್ ಹತ್ತಿರ ಜನ ಕೂರಿಸಿ, ಹಾದು ಹೋಗುವವರನ್ನು ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಅಂತ ಕೇಳಬಹುದು. ಇಲ್ಲಾ ಫೋನ್.

ಹೈಟಿಯಲ್ಲಿ 2010ರ ಜನವರಿ 12ರಂದು ಭೂಕಂಪ ಆದಾಗ ಸಂಶೋಧಕರು ಮೊಬೈಲ್ ಸಿಮ್‌ಗಳು ಯಾವ ಟವರ್‌ನಿಂದ ಯಾವ ಟವರ್‌ಗೆ ಸರಿದವು ಅಂತ ನೋಡಿದರು. ಹೆಸರಿಲ್ಲ, ನಂಬರಿಲ್ಲ, ಬರೀ ಸಿಮ್ಮಿನ ಚಲನೆ. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ 19 ದಿನದಲ್ಲಿ ಸುಮಾರು 6.3 ಲಕ್ಷ ಜನ ಹೊರಗೆ ಹೋಗಿದ್ದಾರೆ ಅನ್ನೋ ಅಂದಾಜು ಸಿಕ್ಕಿತು. ಯಾವ ಜಿಲ್ಲೆಗೆ ಎಷ್ಟು ಅನ್ನೋದೂ ಸಿಕ್ಕಿತು.

ಉಕ್ರೇನ್‌ನಲ್ಲಿ 2022ರ ಮಾರ್ಚ್‌ನಲ್ಲಿ ಐಒಎಂ ಬೇರೆ ಥರ ಮಾಡಿತು. ಎಲ್ಲಿಗೋ ಒಂದು ನಂಬರಿಗೆ ಫೋನ್ ಹೊಡೆಯುವುದು, ಎತ್ತಿದವರನ್ನು ಕೇಳುವುದು. ಮೊದಲ ಸುತ್ತಿನಲ್ಲಿ ಬರೀ 2,000 ಜನ ಮಾತಾಡಿದರು. ಅದರಿಂದ ಬಂದ ಅಂದಾಜು, ಸುಮಾರು 64.8 ಲಕ್ಷ ಜನ ದೇಶದೊಳಗೇ ನೆಲೆ ತಪ್ಪಿದ್ದಾರೆ. 2,000 ಜನರನ್ನು ಕೇಳಿ ಅಷ್ಟು ದೊಡ್ಡ ಲೆಕ್ಕ ಹೇಳಬಹುದಾ? ಇಡೀ ದೇಶಕ್ಕೆ ಹೇಳಬಹುದು, ಒಂದು ಊರಿಗೆ ಹೇಳೋಕಾಗಲ್ಲ. ಫೋನ್ ಲೆಕ್ಕದ ಮಿತಿ ಅದೇ. ಮುದುಕರು, ಮಕ್ಕಳು, ಕರೆಂಟ್ ಇಲ್ಲದೆ ಮೊಬೈಲ್ ಸತ್ತವರು ಅದರಲ್ಲಿ ನೇರವಾಗಿ ಸಿಗೋದೂ ಕಡಿಮೆ.

ಕೊಳಾಯಿ ಬೇರೆ, ಬಕೆಟ್ ಬೇರೆ

ವರದಿ ಓದುವವರು ಎಡವುವುದು ಇಲ್ಲೇ. ಜಿನೀವಾದಲ್ಲಿ ಐಡಿಎಂಸಿ ಅಂತ ಒಂದು ಸಂಸ್ಥೆ ಇದೆ, 1998ರಿಂದ ಇಡೀ ಜಗತ್ತಿನಲ್ಲಿ ತಮ್ಮ ದೇಶದೊಳಗೇ ನೆಲೆ ತಪ್ಪಿದವರ ಲೆಕ್ಕ ಇಡುತ್ತದೆ. ಅದರ ಪ್ರಕಾರ 2024ರಲ್ಲಿ ವಿಕೋಪಗಳಿಂದ ಆದ ಸ್ಥಳಾಂತರ 4.58 ಕೋಟಿ. ಆದರೆ ಆ ವರ್ಷದ ಕೊನೆಯ ದಿನ ವಿಕೋಪದ ಕಾರಣಕ್ಕೆ ಇನ್ನೂ ಮನೆಯಿಂದ ಹೊರಗಿದ್ದವರು ಸುಮಾರು 98 ಲಕ್ಷ. ಹಾಗಾದರೆ ಉಳಿದವರು ಎಲ್ಲಿ ಮಾಯವಾದರು?

ಮಾಯ ಏನೂ ಆಗಲಿಲ್ಲ. ಮೊದಲನೆಯದು ಕೊಳಾಯಿಯಿಂದ ಬಿದ್ದ ನೀರು, ಎರಡನೆಯದು ಬಕೆಟ್‌ನಲ್ಲಿ ಉಳಿದ ನೀರು. ಚಂಡಮಾರುತಕ್ಕೆ ಹೆದರಿ ಮೂರು ದಿನ ಬೇರೆ ಕಡೆ ಇದ್ದು ವಾಪಸ್ ಬಂದವರೂ ಕೊಳಾಯಿ ಲೆಕ್ಕದಲ್ಲಿ ಸೇರುತ್ತಾರೆ. ಒಬ್ಬರೇ ವರ್ಷದಲ್ಲಿ ಎರಡು ಸಲ ಓಡಿದರೆ ಎರಡು ಸಲ ಎಣಿಸುತ್ತಾರೆ. ಯುದ್ಧದ ಬಕೆಟ್ ಮಾತ್ರ ಬೇಗ ಖಾಲಿ ಆಗೋದಿಲ್ಲ. ಅದೇ ದಿನ ಯುದ್ಧ, ಹಿಂಸೆಯಿಂದಾಗಿ ನೆಲೆ ತಪ್ಪಿದವರು 7.35 ಕೋಟಿ, ಸುಡಾನ್ ಒಂದರಲ್ಲೇ 1.16 ಕೋಟಿ. ಕೊಳಾಯಿ ಲೆಕ್ಕವನ್ನು ಬಕೆಟ್ ಲೆಕ್ಕಕ್ಕೆ ಯಾವತ್ತೂ ಕೂಡಿಸಬೇಡಿ. ಟೆಂಟು ಎಷ್ಟು ಬೇಕು ಅನ್ನೋದಕ್ಕೆ ಬಕೆಟ್ ನೋಡಬೇಕು. ದಾರಿಯಲ್ಲಿ ನೀರು, ಔಷಧಿ ಎಷ್ಟು ಇಡಬೇಕು ಅನ್ನೋದಕ್ಕೆ ಕೊಳಾಯಿ.

ಪಟ್ಟಿ ಯಾರ ಕೈಗೆ ಹೋಗುತ್ತದೆ?

ಯಾವ ಊರಿನಿಂದ, ಯಾವ ಪಂಗಡದವರು, ಯಾವ ಕಟ್ಟಡದಲ್ಲಿ ಮಲಗಿದ್ದಾರೆ ಅನ್ನೋ ಪಟ್ಟಿ ನೆರವು ಕೊಡುವವರ ಕೈಯಲ್ಲಿ ನೆರವಿನ ಪಟ್ಟಿ, ಕೊಲ್ಲುವವರ ಕೈಯಲ್ಲಿ ವಿಳಾಸ. ಅದಕ್ಕೇ ಊರಿನ ಮಟ್ಟದ ಎಣಿಕೆಯಲ್ಲಿ ಹೆಸರು ಬರೆಯೋದೇ ಬೇಡ. ರೇಷನ್ ಹಂಚೋಕೆ ಹೆಸರು ನೋಂದಾಯಿಸಲೇಬೇಕಾದರೆ ಒಪ್ಪಿಗೆ ಕೇಳಿ, ಬೇರೆ ಕಡೆ ಬೀಗ ಹಾಕಿಡಬೇಕು. ಹೊರಗೆ ಬಿಡುವ ನಕ್ಷೆಯಲ್ಲಿ ಜಿಲ್ಲೆಯ ಮೊತ್ತ ಇದ್ದರೆ ಸಾಕು. ನಾಲ್ಕೇ ಸಂಸಾರ ಇರುವ ಕಡೆ ಚುಕ್ಕೆ ಇಡಲೇಬಾರದು. ಬೇಕಿಲ್ಲದ ಪ್ರಶ್ನೆ ಕೇಳದಿರುವುದು ಇನ್ನೂ ಒಳ್ಳೆಯದು.

ಮತ್ತೆ ಹೋಗುವುದು

ಮೂರು ತಿಂಗಳಾದ ಮೇಲೆ ಬರುವ ನಿಖರ ಲೆಕ್ಕಕ್ಕಿಂತ ಈ ವಾರ ಬರುವ ಅಂದಾಜು ಮೇಲು, ಅದು ಅಂದಾಜು ಅಂತ ಹೇಳಿಕೊಂಡಿದ್ದರೆ. ಆದರೆ ಅಂದಾಜು ಬೇಗ ಹಳಸುತ್ತದೆ. ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅದೇ ಊರಿಗೆ ಅದೇ ಪ್ರಶ್ನೆ ಹಿಡಿದು ಹೋಗಬೇಕು. ಪ್ರಶ್ನೆ ಬದಲಿಸಿದರೆ ಜನ ಕಡಿಮೆಯಾದರೋ ಪ್ರಶ್ನೆ ಬದಲಾಗಿ ಹಾಗೆ ಕಂಡಿತೋ ಗೊತ್ತಾಗೋದಿಲ್ಲ.

ಎಣಿಕೆ ಯಾವಾಗ ನಿಲ್ಲಿಸಬೇಕು ಅನ್ನೋದೂ ಇದೆ. ಶಿಬಿರ ಮುಚ್ಚಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 2010ರಲ್ಲಿ ನೆರವಿನ ಸಂಸ್ಥೆಗಳು ಸೇರಿ ಮಾಡಿದ ಚೌಕಟ್ಟು ಹಾಗೆ ಹೇಳೋದಿಲ್ಲ. ಹಳೇ ಊರಿಗೆ ಹೋಗಲಿ, ಇದ್ದಲ್ಲೇ ನಿಲ್ಲಲಿ, ಮೂರನೇ ಕಡೆ ಹೋಗಲಿ, ನೆಲೆ ತಪ್ಪಿದ್ದಕ್ಕೆ ಅಂತಲೇ ಬಂದ ತೊಂದರೆಗಳು ತೀರಬೇಕು. ಮನೆಗೆ ಹೋದವನ ಜಮೀನಿನಲ್ಲಿ ಬೇರೆಯವರು ಉಳುತ್ತಿದ್ದರೆ ಅವನನ್ನು ಎಣಿಕೆಯಿಂದ ಬಿಡಬಾರದು.

ಎರಡನೇ ಸುತ್ತಿಗೆ ಹೋದಾಗ ಯಜಮಾನರು ಕೇಳಿಯೇ ಕೇಳುತ್ತಾರೆ: "ಹೋದ ಸಲ ಬರೆದುಕೊಂಡು ಹೋದೆಯಲ್ಲಮ್ಮಾ, ಏನು ಬಂತು?" ಕೈಯಲ್ಲಿ ಉತ್ತರ ಇಟ್ಟುಕೊಂಡೇ ಹೋಗಿ. ಹೋದ ಸಲದ ಕಾಗದ ತೆಗೆದು ಓದಿ ಹೇಳಿ, ಶಾಲೆಯಲ್ಲಿ ನಲವತ್ತು, ಗೋದಾಮಿನಲ್ಲಿ ಇಪ್ಪತ್ತೈದು, ಅದಕ್ಕೆ ಇಷ್ಟು ಟೆಂಟು ಬಂತು, ಇಷ್ಟು ಬರಲಿಲ್ಲ. ಆಗ ಅವರು ಮಧ್ಯದಲ್ಲೇ ತಡೆದು, "ಗೋದಾಮಿನವರು ಹೋದ ವಾರವೇ ಹೋದರು, ಬರೆದುಕೋ" ಅಂತಾರೆ.