‘ಸುಮ್ನೆ ಜಾರಿ ಬಿದ್ದೆ’ ಎನ್ನಬೇಡಿ: ಇ-ಸ್ಕೂಟರ್ ಅಪಘಾತವಾದಾಗ ಮಾಡಬೇಕಾದ್ದು

ನನ್ನ ಅಕ್ಕನ ಮಗಳು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ಹೋದ ವರ್ಷ ಒಂದು ಸಂಜೆ ಇ-ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದಳು. ಪಕ್ಕದಲ್ಲಿದ್ದ ಕಾರು ಇಂಡಿಕೇಟರ್ ಹಾಕದೆ ತಿರುಗಿ ಹಿಂದಿನ ಚಕ್ರಕ್ಕೆ ತಾಗಿತು. ಬಲಗೈ ಊರಿ ಬಿದ್ದಳು. ಕಾರಿನವರು ಎರಡು ಸಾವಿರ ರೂಪಾಯಿ ಕೈಗಿಟ್ಟು, ‘ಪೊಲೀಸು ಗಿಲೀಸು ಬೇಡಮ್ಮ’ ಎಂದರು. ಆಸ್ಪತ್ರೆಯಲ್ಲಿ ‘ಏನಾಯ್ತು?’ ಎಂದು ಕೇಳಿದಾಗ ನಮ್ಮ ಭಾವ ‘ಗಾಡಿ ಸ್ಕಿಡ್ ಆಯ್ತು ಸರ್’ ಎಂದುಬಿಟ್ಟರು. ಡಾಕ್ಟರು ಚೀಟಿಯಲ್ಲಿ ಅದನ್ನೇ ಬರೆದುಕೊಂಡರು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲೇಟ್ ಹಾಕಿಸಬೇಕಾಯಿತು. ನಾಲ್ಕು ತಿಂಗಳು ಮಷೀನಿನ ಮುಂದೆ ಕೂರಲು ಆಗಲಿಲ್ಲ. ಪರಿಹಾರ ಕೇಳೋಣ ಎಂದು ಹೋದರೆ ವಕೀಲರು ಆ ಚೀಟಿಯ ಮೇಲೆ ಬೆರಳಿಟ್ಟರು. ‘ಸ್ಕಿಡ್ ಅಂತ ನೀವೇ ಹೇಳಿದ್ದೀರಿ. ಕಾರು ಎಲ್ಲಿಂದ ಬಂತು ಅಂತ ವಿಮಾ ಕಂಪನಿ ಕೇಳಲ್ವಾ?’ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನುಷ್ಯ, ಆಮೇಲೆ ಗಾಡಿ

ಬಿದ್ದವರನ್ನು ಎಳೆದು ಎಬ್ಬಿಸಬೇಡಿ. ಕುತ್ತಿಗೆ, ಬೆನ್ನು ನೋಯುತ್ತದೆ ಎಂದರೆ ಹಾಗೇ ಮಲಗಿರಲಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿ ಎದ್ದು ಓಡಾಡಿದರೂ ನಂಬಬೇಡಿ. ವಾಂತಿ, ಮಂಪರು, ತೊದಲು ಮಾತು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬೀಳುವಾಗ ಎಲ್ಲರೂ ಕೈ ಊರುತ್ತೇವೆ. ಅದಕ್ಕೇ ಸ್ಕೂಟರ್‌ನಿಂದ ಬಿದ್ದವರಿಗೆ ಮಣಿಕಟ್ಟು, ಭುಜದ ಮೂಳೆ ಮುರಿಯುವುದು ಜಾಸ್ತಿ. ‘ಬರೀ ಉಳುಕು’ ಎಂದು ಎಣ್ಣೆ ಹಚ್ಚಿ ತಿಕ್ಕಬೇಡಿ, ಎಕ್ಸ್‌ರೇ ತೆಗೆಸಿ.

ಬ್ಯಾಟರಿ ಕಡೆಯಿಂದ ಹೊಗೆ, ಸುಯ್ಯೆನ್ನುವ ಸದ್ದು, ಘಾಟು ವಾಸನೆ ಬಂದರೆ ಗಾಡಿ ಬಿಟ್ಟು ದೂರ ಹೋಗಿ, 112ಕ್ಕೆ ತಿಳಿಸಿ. ಲಿಥಿಯಂ ಬ್ಯಾಟರಿಯ ಬೆಂಕಿ ಆರಿದಂತೆ ಕಂಡು ಮತ್ತೆ ಹತ್ತಿಕೊಳ್ಳಬಹುದು. ಪೆಟ್ಟು ತಿಂದ ಬ್ಯಾಟರಿಯನ್ನು ಮನೆಯೊಳಗೆ ತಂದು ಚಾರ್ಜಿಗೆ ಹಾಕಲೇಬೇಡಿ.

ಸಹಾಯಕ್ಕೆ ಬಂದವರು ಕೇಸಿಗೆ ಹೆದರುತ್ತಾರೆ. ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಸಾಕ್ಷಿ ಹೇಳಲೇಬೇಕು ಎಂದು ಅವರನ್ನು ಬಲವಂತ ಮಾಡುವಂತಿಲ್ಲ.

ಗಾಡಿ ಎತ್ತುವ ಮೊದಲು ಫೋಟೊ

ಎರಡೂ ಗಾಡಿಗಳ ನಂಬರು, ಬಿದ್ದ ಜಾಗ, ಬ್ರೇಕಿನ ಗುರುತು, ರಸ್ತೆಯ ಗುಂಡಿ, ಹತ್ತಿರದ ಅಂಗಡಿಯ ಬೋರ್ಡು, ಎಲ್ಲವನ್ನೂ ಫೋನಿನಲ್ಲಿ ಹಿಡಿಯಿರಿ. ಅಂಗಡಿಗೆ ಸಿಸಿಟಿವಿ ಇದ್ದರೆ ಅದೇ ದಿನ ಕೇಳಿ. ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಕೆಂಪು ಧೂಳು ಟೈರಿನ ಕೆಳಗೆ ಜಾರುತ್ತದೆ. ಅದರ ಫೋಟೊ ಕೂಡ ಇರಲಿ.

ಆಸ್ಪತ್ರೆಯಲ್ಲಿ ಆಡುವ ಒಂದು ಮಾತು

ಇಲ್ಲೇ ನಾವು ಎಡವಿದ್ದು. ಯಾವ ಗಾಡಿ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಗುದ್ದಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೇಳಿ. ‘ಎಂಎಲ್‌ಸಿ ಮಾಡಿ ಸರ್’ ಎಂದು ಕೇಳಿ. ಎಂಎಲ್‌ಸಿ ಎಂದರೆ ಪೊಲೀಸರಿಗೂ ತಿಳಿಸಬೇಕಾದ ಗಾಯದ ಪ್ರಕರಣ ಎಂದು ಆಸ್ಪತ್ರೆ ಮಾಡುವ ದಾಖಲೆ. ಬರೆದದ್ದನ್ನು ಓದಿಸಿಕೊಂಡು, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ನಿಜವಾಗಿ ತಾನೇ ಜಾರಿ ಬಿದ್ದಿದ್ದರೆ ಅದನ್ನೇ ಹೇಳಬೇಕು. ಇಲ್ಲದ ಕಾರನ್ನು ಸೇರಿಸಿದರೆ ಅದು ಅಪರಾಧ.

ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಎಂದು 134ನೇ ಕಲಂ ಹೇಳುತ್ತದೆ. ಅವರು ತಿಳಿಸುತ್ತಾರೆ ಎಂದು ಕಾಯಬೇಡಿ, ನೀವೇ ದೂರು ಕೊಡಿ. ರಸ್ತೆ ಬದಿಯ ರಾಜಿ ನನಗಂತೂ ಸರಿ ಕಾಣುವುದಿಲ್ಲ. ಮೂಳೆ ಮುರಿದದ್ದು ಗೊತ್ತಾಗುವ ಮೊದಲೇ ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಕೇಂದ್ರದ 2025ರ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಅದಕ್ಕೂ ಪೊಲೀಸರ ದೃಢೀಕರಣ ಬೇಕು.

ನಿಮ್ಮ ಸ್ಕೂಟರ್ ಯಾವ ಜಾತಿಯದು?

ಹಸಿರು ನಂಬರ್ ಪ್ಲೇಟ್ ಇದ್ದರೆ ಅದು ಪೂರ್ತಿ ಮೋಟಾರು ವಾಹನ. ಲೈಸೆನ್ಸ್, ಹೆಲ್ಮೆಟ್, ಥರ್ಡ್ ಪಾರ್ಟಿ ವಿಮೆ ಎಲ್ಲವೂ ಬೇಕು. ನಿಮ್ಮ ತಪ್ಪಿನಿಂದ ಬೇರೆಯವರಿಗೆ ಪೆಟ್ಟಾದರೆ ವಿಮಾ ಕಂಪನಿ ಕೊಡುತ್ತದೆ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ, ಕೊಟ್ಟ ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಕೋರ್ಟು ಕಂಪನಿಗೆ ಹೇಳಬಹುದು.

ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದು, ಪರೀಕ್ಷಾ ಸಂಸ್ಥೆ ಒಪ್ಪಿಗೆ ಕೊಟ್ಟಿದ್ದರೆ ಅದು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಆದರೆ ಅದರಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಜೇಬಿನಿಂದಲೇ ಹೋಗಬೇಕು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದಕ್ಕೂ ಅನ್ವಯಿಸುತ್ತದೆ. ನೀವು ಇದರಲ್ಲಿ ಹೋಗುವಾಗ ಕಾರೋ ಲಾರಿಯೋ ಗುದ್ದಿದರೆ ಮಾತ್ರ ಆ ಗಾಡಿಯ ವಿಮೆಯಿಂದ ಕೇಳಬಹುದು.

ಕೆಲವರು ಇದೇ ಚಿಕ್ಕ ಸ್ಕೂಟರಿನ ವೇಗದ ಮಿತಿ ತೆಗೆಸಿ 40, 50ರಲ್ಲಿ ಓಡಿಸುತ್ತಾರೆ. ಆಗ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನವಾಗುತ್ತದೆ. ಟ್ಯೂಷನ್‌ಗೆ ಹೋಗುವ ಮಗನ ಕೈಗೆ ಇಂಥ ಗಾಡಿ ಕೊಟ್ಟಿದ್ದೀರಾ? ದಯವಿಟ್ಟು ಇವತ್ತೇ ಯೋಚನೆ ಮಾಡಿ. 18 ತುಂಬದವರು ಮೋಟಾರು ವಾಹನ ಓಡಿಸಿ ತಪ್ಪು ಮಾಡಿದರೆ, ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಬ್ರೇಕ್, ಬ್ಯಾಟರಿ ಕೈಕೊಟ್ಟು ಬಿದ್ದಿದ್ದರೆ ದಾರಿ ಬೇರೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ಗಾಡಿಯನ್ನು ಪರೀಕ್ಷೆಗೆ ಮೊದಲು ಬಿಚ್ಚಲು ಕೊಡಬೇಡಿ.

ಅರ್ಜಿ ಹಾಕುವುದು

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬೇಕು. ಕೊಪ್ಪಳದಲ್ಲಿ ಬಿದ್ದು ಬಳ್ಳಾರಿಯಲ್ಲಿ ವಾಸವಿದ್ದರೆ ಬಳ್ಳಾರಿಯಲ್ಲೇ ಹಾಕಬಹುದು. 6 ತಿಂಗಳು ದಾಟಿಸಬೇಡಿ. ವಕೀಲರಿಗೆ ದುಡ್ಡಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ.

ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲು, ಆಟೊ ಖರ್ಚು ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ದುಡಿಮೆಯ ಪುರಾವೆಯೂ ಬೇಕು. ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ನಮ್ಮ ಹುಡುಗಿಯ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ದಿನಕ್ಕೆ ಎಷ್ಟು ಪ್ಯಾಂಟು ಹೊಲಿದಳು, ಶನಿವಾರ ಎಷ್ಟು ಸಿಕ್ಕಿತು ಎಂದು ಬಲಗೈಯಲ್ಲಿ ಬರೆದಿಟ್ಟದ್ದು. ನಡುವೆ ನಾಲ್ಕು ತಿಂಗಳು ಏನೂ ಇಲ್ಲ. ಆಮೇಲಿನ ಅಕ್ಷರ ಸ್ವಲ್ಪ ಸೊಟ್ಟ. ಇಂಥ ನೋಟ್‌ಬುಕ್ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ವಕೀಲರಿಗೆ ತೋರಿಸಿ.