ತೊಟ್ಟಿಲು ಬಿಡಿಸಿದ ಬಗೆ: ಮೊದಲ ವರ್ಷದ ನಿದ್ದೆ, ನನ್ನ ಅನುಭವ

ರಾತ್ರಿ ಮಗು ಎಷ್ಟು ಸಲ ಎದ್ದಿತು ಎಂದಷ್ಟೇ ಲೆಕ್ಕ ಇಟ್ಟರೆ ಏನೂ ಹೊಳೆಯುವುದಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ ಮಾಡಿ ನಾಲ್ಕು ಕಾಲಂ ಎಳೆದಿದ್ದೆ: ಎದ್ದ ಹೊತ್ತು, ಮಲಗಿದ ಹೊತ್ತು, ಯಾವುದರ ಮೇಲೆ ಕಣ್ಣು ಮುಚ್ಚಿತು, ಉಚ್ಚೆ ಎಷ್ಟು ಸಲ. ಮೂರನೆಯ ಕಾಲಂನಲ್ಲಿ ‘ಎದೆ’, ‘ತೊಟ್ಟಿಲು’, ‘ಹೆಗಲು’, ‘ತಾನೇ’ ಅಂತ ಒಂದೊಂದೇ ಪದ. ಮಗು ಪದೇಪದೇ ಏಕೆ ಏಳುತ್ತದೆ ಎಂಬುದಕ್ಕೆ ಐದನೆಯ ತಿಂಗಳಲ್ಲಿ ಉತ್ತರ ಸಿಕ್ಕಿದ್ದು ಆ ಕಾಲಂನಿಂದ. ನಾಲ್ಕನೆಯದು ಮೊದಲ ಆರು ವಾರಕ್ಕೆ ಸಾಕು.

ಆ ಆರು ವಾರ ನಿದ್ದೆಯನ್ನು ತಿದ್ದಲು ಹೋಗಬೇಡಿ, ತಿದ್ದುವಂಥದ್ದು ಅಲ್ಲೇನೂ ಇಲ್ಲ. ಎಳೆಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ನಿದ್ದೆಯ ಒಂದು ಸುತ್ತು 50–60 ನಿಮಿಷ ಅಷ್ಟೇ, ಅದರಲ್ಲೂ ಸುಮಾರು ಅರ್ಧ ಹಗುರ ನಿದ್ದೆ. ರೆಪ್ಪೆ ಅದುರುತ್ತದೆ, ಮುಲುಗುತ್ತದೆ, ಕೈಕಾಲು ಝಾಡಿಸುತ್ತದೆ. ದೇವರು ನಗಿಸುತ್ತಿದ್ದಾನೆ ಅಂತ ಅಜ್ಜಿಯರು ಹೇಳುವ ನಗುವೂ ಈ ನಿದ್ದೆಯದೇ. ಮನೆಯವರು ‘ಎದ್ದುಬಿಡ್ತು’ ಅಂದುಕೊಂಡು ಎತ್ತುತ್ತಾರೆ, ಆಗ ನಿಜವಾಗಿಯೂ ಏಳುತ್ತದೆ. ಮುಲುಗಿದರೆ ಒಂದೆರಡು ನಿಮಿಷ ಕೈ ಹಾಕದೆ ನೋಡಿ. ಅಳು ಏರಿದರೆ ಎತ್ತಿಕೊಳ್ಳಿ.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಉಚ್ಚೆಯ ಕಾಲಂ ನೋಡಬೇಕು: ಐದನೆಯ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಹುಟ್ಟಿದ ಮೇಲೆ ಇಳಿದ ತೂಕ ಎರಡು ವಾರದೊಳಗೆ ವಾಪಸ್ ಬಂದು, ಆಮೇಲೆ ದಿನಕ್ಕೆ 20–30 ಗ್ರಾಂ ಏರಬೇಕು. ತೂಕ ವಾಪಸ್ ಬರುವ ತನಕ ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ. ಬಂದ ಮೇಲೆ, ಡಾಕ್ಟರು ಬೇರೆ ಹೇಳದಿದ್ದರೆ, ರಾತ್ರಿ ಎಬ್ಬಿಸುವ ಅಗತ್ಯವಿಲ್ಲ.

ಹಗಲು ರಾತ್ರಿಯ ಗಡಿಯಾರ ಮಗುವಿನೊಳಗೆ ಕೂರಲು ಎರಡು ಮೂರು ತಿಂಗಳು ಬೇಕು. ಬಾಣಂತಿ ಕೋಣೆಯ ಕಿಟಕಿಯನ್ನು ಹಗಲೆಲ್ಲ ಮುಚ್ಚಿಡುವ ರೂಢಿ ಇದಕ್ಕೆ ಅಡ್ಡ. ಗಾಳಿ ಬಡಿಯದಂತೆ ಮಂಚ ಸರಿಸಿದರಾಯಿತು, ಬೆಳಕು ತಡೆಯಬೇಕಿಲ್ಲ. ನಾನು ಬೆಳಿಗ್ಗೆ 7ಕ್ಕೆ ಪರದೆ ಸರಿಸುತ್ತಿದ್ದೆ. ಹಗಲಿನ ನಿದ್ದೆಗೆ ಕತ್ತಲೆಯೂ ಇಲ್ಲ, ಮಿಕ್ಸಿ ನಿಲ್ಲಿಸುವುದೂ ಇಲ್ಲ. ರಾತ್ರಿ ಹಾಲಿಗೆ ಜೀರೋ ಬಲ್ಬು ಮಾತ್ರ, ಮಾತಿಲ್ಲ. ಬಟ್ಟೆ ಬದಲಿಸುವುದು ಹಾಲಿಗೆ ಮುಂಚೆ, ಆಮೇಲೆ ಮಾಡಿದರೆ ಬಂದ ನಿದ್ದೆ ಹಾರಿಹೋಗುತ್ತದೆ.

ಸಂಜೆಯ ಅಳು ಆರನೆಯ ವಾರದ ಸುಮಾರಿಗೆ ಶಿಖರ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಮನೆಯಲ್ಲಿ ಬಜೆ, ಜಾಯಿಕಾಯಿ ತೇಯುವ ಕಲ್ಲು ಹೊರಬರುವುದು ಈ ಹೊತ್ತಿನಲ್ಲೇ. ಜಾಯಿಕಾಯಿಯಿಂದ ಮಗು ಮಲಗುವುದು ನಿಜ, ಆದರೆ ಅದು ಅಮಲು, ನಿದ್ದೆಯಲ್ಲ. ತೇಯ್ದದ್ದರಲ್ಲಿ ಎಷ್ಟು ಇಳಿಯಿತು ಎಂಬ ಅಳತೆ ಯಾರಿಗೂ ಗೊತ್ತಿರುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು, ದಿನಕ್ಕೆ 400 ಐಯು ವಿಟಮಿನ್ ಡಿ, ಇಷ್ಟೇ. ಜೇನು ವರ್ಷ ತುಂಬುವವರೆಗೆ ನಾಲಿಗೆಗೆ ಮುಟ್ಟಿಸಲೂಬಾರದು. ಡಿ ಹನಿಗಳು ಒಂದು ಎಂಎಲ್‌ಗೆ 400, 800 ಎರಡೂ ಬಗೆಯಲ್ಲಿ ಸಿಗುತ್ತವೆ. ಬಾಟಲಿ ಬದಲಾದಾಗಲೆಲ್ಲ ಲೇಬಲ್ ಓದಿ.

ಮಲಗಿಸುವ ಜಾಗಕ್ಕೆ ಬರೋಣ. ಹಗಲಿರಲಿ ರಾತ್ರಿಯಿರಲಿ, ಬೆನ್ನ ಮೇಲೆ ಅಂಗಾತ. 1994ರಲ್ಲಿ ಅಮೆರಿಕದಲ್ಲಿ ಇದನ್ನು ಮನೆಮನೆಗೆ ಹೇಳಲು ಶುರುಮಾಡಿದ ಮೇಲೆ ಅಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗಟ್ಟಿ ಹತ್ತಿ ಹಾಸಿಗೆ, ಎರಡು ಇಂಚು ದಪ್ಪ, ಅಂಗೈ ಒತ್ತಿ ತೆಗೆದರೆ ಗುಂಡಿ ಉಳಿಯಬಾರದು. ಅಮ್ಮನ ಹಾಸಿಗೆಯ ಪಕ್ಕ, ಒಂದು ಕೈ ದೂರದಲ್ಲಿ, ಬೇರೆಯಾಗಿ. ದಿಂಬು ಬೇಡ, ತಲೆ ದುಂಡಗಾಗಲಿ ಅಂತ ಕೊಡುವ ರಾಗಿ ದಿಂಬೂ ಬೇಡ. ತಲೆ ಚಪ್ಪಟೆಯಾಗುವುದು ಒಂದೇ ಕಡೆ ತಿರುಗಿ ಮಲಗುವುದರಿಂದ. ಒಂದು ನಿದ್ದೆಗೆ ಎಡಕ್ಕೆ, ಮುಂದಿನದಕ್ಕೆ ಬಲಕ್ಕೆ ಮುಖ ಮಾಡಿಸಿ, ಎಚ್ಚರವಿದ್ದಾಗ ಬೋರಲು ಹಾಕಿದರೆ ಅದು ಸರಿಹೋಗುತ್ತದೆ. ಕುಲಾವಿ ಹೊರಗೆ ಹೋಗುವಾಗ ಚೆಂದ, ನಿದ್ದೆಯಲ್ಲಿ ತೆಗೆದುಬಿಡಿ. ಮಗು ಮೈಯ ಕಾವನ್ನು ಹೆಚ್ಚಾಗಿ ಬಿಡುವುದೇ ತಲೆಯಿಂದ. ಸೆಕೆಯೋ ಚಳಿಯೋ ತಿಳಿಯಲು ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು, ಅಂಗೈ ಅಂಗಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಬಟ್ಟೆ ಸುತ್ತುವುದಾದರೆ ಎದೆಯ ಹತ್ತಿರ ಉಸಿರಿಗೆ ಅಡ್ಡಿಯಾಗದಷ್ಟು ಹಿತವಾಗಿ, ಸೊಂಟದ ಕೆಳಗೆ ಸಡಿಲ. ಕಾಲು ನೇರ ಮಾಡಿ ಬಿಗಿದರೆ ಸೊಂಟದ ಕೀಲು ತಪ್ಪುವ ಅಪಾಯವಿದೆ. ಮಗುಚಲು ಹೊರಟ ದಿನದಿಂದ ಸುತ್ತುವುದು ಬಂದ್.

ಸೀರೆ ಜೋಲಿಯ ಮಾತು ಬಂದಾಗ ‘ನಾವೆಲ್ಲ ಅದರಲ್ಲೇ ಬೆಳೆದಿಲ್ಲವಾ’ ಅನ್ನುತ್ತಾರೆ. ಬೆಳೆದಿದ್ದೇವೆ. ಆದರೆ ಆ ಜೋಲಿ ಕಟ್ಟಿದ್ದು ಅಡುಗೆಮನೆಯ ಜಂತಿಗೋ ಹೊಲದ ಬದುವಿನ ಮರಕ್ಕೋ, ಪಕ್ಕದಲ್ಲಿ ಸದಾ ಒಬ್ಬರು. ಈಗ ಜೋಲಿ ಇರುವುದು ಬಾಗಿಲು ಹಾಕಿದ ಕೋಣೆಯಲ್ಲಿ. ಬಟ್ಟೆ ಗುಳಿಬಿದ್ದಾಗ ಎಳೆಗೂಸಿನ ಗದ್ದ ಎದೆಗೆ ತಾಗಿ ಉಸಿರ ದಾರಿ ಕಿರಿದಾಗುತ್ತದೆ, ಕತ್ತು ನಿಲ್ಲದ ಮಗು ಅದನ್ನು ಎತ್ತಿಕೊಳ್ಳಲಾರದು. ಹಾಗಾಗಿ ಜೋಲಿಯನ್ನು ನಾನು ಬಳಸಲಿಲ್ಲ, ಸಮತಟ್ಟು ತಳದ ಮರದ ತೊಟ್ಟಿಲು ಬಳಸಿದೆ. ತೂಗಿದರೆ ನಿದ್ದೆ ಬೇಗ ಹತ್ತುತ್ತದೆ, ಅದರಲ್ಲಿ ತಪ್ಪಿಲ್ಲ. ತೊಡಕು ಶುರುವಾಗುವುದು ಆಮೇಲೆ.

ಅದಕ್ಕೆ ಮುಂಚೆ ಎಣ್ಣೆನೀರಿನ ವಿಷಯ, ಏಕೆಂದರೆ ದಿನದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದ ಮೇಲೆ ಮಗು ಎರಡು ಮೂರು ಗಂಟೆ ಮಲಗುವುದು ಎಲ್ಲರಿಗೂ ಗೊತ್ತು. ಆ ನಿದ್ದೆ ಮಧ್ಯಾಹ್ನ 1ರೊಳಗೆ ಮುಗಿಯುವಂತೆ ಸ್ನಾನವನ್ನು 9.30ರ ಸುಮಾರಿಗೆ ಇಟ್ಟುಕೊಳ್ಳಿ. ಎರೆಯುವವರು ಬರುವುದು ತಡವಾಗಿ ಸ್ನಾನ ಮೂರು ಗಂಟೆಗೆ ಜಾರಿದ ದಿನ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ, ನೋಟ್‌ಬುಕ್ಕಿನಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ನೀರು 37–38 ಡಿಗ್ರಿ, ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅಲ್ಲ. ಕೊಬ್ಬರಿ ಎಣ್ಣೆ ಸಾಕು. ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಕೂಸಿನ ಎದೆ ಹಿಂಡುವುದು ಬೇಡವೇ ಬೇಡ, ಹಿಂಡಿದರೆ ಕೀವಾಗುತ್ತದೆ. ಸಾಂಬ್ರಾಣಿ ಹೊಗೆ ಶ್ವಾಸಕ್ಕೆ ತೊಂದರೆ, ಕೂದಲು ಪಂಚೆಯಲ್ಲೇ ಒಣಗುತ್ತದೆ. ನಮ್ಮ ಪದ್ಧತಿಯ ಒಂದು ದೊಡ್ಡ ಲಾಭವೆಂದರೆ ನೀಡಿದ ಕಾಲುಗಳ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ತಿಕ್ಕುವುದು. ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದರ ಮೊದಲ ಕಂತು ಇಲ್ಲೇ ಸಿಕ್ಕಿಬಿಡುತ್ತದೆ. ಉಳಿದದ್ದನ್ನು ಮೂರು ಮೂರು ನಿಮಿಷವಾಗಿ ಚಾಪೆಯ ಮೇಲೆ ತುಂಬಿಸಿದೆ. ಹಾಲು ಕುಡಿದ ಕೂಡಲೇ ಹಾಕಿದರೆ ಕಕ್ಕುತ್ತದೆ, ಅರ್ಧ ಗಂಟೆ ಬಿಡಿ.

ನಾಲ್ಕನೆಯ ತಿಂಗಳು. ಅಲ್ಲಿಯವರೆಗೆ ನಾಲ್ಕೈದು ಗಂಟೆ ಒಂದೇ ಸಮ ಮಲಗುತ್ತಿದ್ದ ಮಗು ಈಗ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಏಳುತ್ತದೆ. ದೃಷ್ಟಿಯಾಯಿತು, ಹಾಲು ಸಾಲದು, ಹಲ್ಲು ಬರುತ್ತಿದೆ ಅಂತ ನೂರು ಕಾರಣ ಕೇಳಿಬರುತ್ತವೆ. ಆಗಿರುವುದು ಇಷ್ಟು: ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಹಂತಹಂತವಾಗಿ ಜೋಡಣೆಯಾಗುತ್ತಿದೆ, ಪ್ರತಿ ಸುತ್ತಿನ ಕೊನೆಗೂ ಮಗು ಅರೆ ಎಚ್ಚರಕ್ಕೆ ಬರುತ್ತದೆ. ಕಣ್ಣು ಮುಚ್ಚುವಾಗ ತೊಟ್ಟಿಲು ತೂಗುತ್ತಿತ್ತು, ಕಣ್ಣು ಬಿಟ್ಟರೆ ತೊಟ್ಟಿಲು ನಿಂತಿದೆ. ದಿಂಬಿಟ್ಟು ಮಲಗಿದವರು ಎದ್ದಾಗ ದಿಂಬು ಮಾಯವಾಗಿದ್ದರೆ ಹೇಗೋ ಹಾಗೆ. ನನ್ನ ಮೂರನೆಯ ಕಾಲಂನಲ್ಲಿ ‘ತಾನೇ’ ಅಂತ ಬರೆದ ನಿದ್ದೆಗಳು ಎರಡು ಸುತ್ತು ದಾಟುತ್ತಿದ್ದವು, ‘ತೊಟ್ಟಿಲು’ ಅಂತ ಬರೆದವು 45 ನಿಮಿಷಕ್ಕೇ ಮುಗಿಯುತ್ತಿದ್ದವು.

ಬಿಡಿಸಲು ಐದೂವರೆ ತಿಂಗಳಲ್ಲಿ ಕೈಹಾಕಿದೆ. ಲಸಿಕೆಯ ವಾರ, ನೆಗಡಿ, ಊರಿನ ಪ್ರಯಾಣ ಇವು ಇರಬಾರದು. ರಾತ್ರಿಯ ಮೊದಲ ನಿದ್ದೆಯೊಂದನ್ನೇ ಹಿಡಿಯಬೇಕು, ಆಗ ಮಗುವಿಗೆ ನಿದ್ದೆಯ ಒತ್ತಡ ಹೆಚ್ಚಿರುತ್ತದೆ. ಹಗಲಿನ ನಿದ್ದೆಗೆ ತೊಟ್ಟಿಲು ಇನ್ನೆರಡು ವಾರ ಮುಂದುವರಿಯಲಿ, ಅಜ್ಜಿಯ ಜೊತೆ ಜಗಳವೂ ತಪ್ಪುತ್ತದೆ. ಕ್ರಮ ದಿನಾ ಒಂದೇ: ಬೆಚ್ಚಗಿನ ಬಟ್ಟೆಯಲ್ಲಿ ಮೈ ಒರೆಸುವುದು, ಬಟ್ಟೆ ಬದಲು, ಹಾಲು, ದೀಪ ಸಣ್ಣದು, ಒಂದೇ ಜೋಗುಳ. ಒಟ್ಟು 25 ನಿಮಿಷ. ಹಾಲಿಗೂ ನಿದ್ದೆಗೂ ನಡುವೆ ಹತ್ತು ನಿಮಿಷ ಅಂತರ, ಇಲ್ಲದಿದ್ದರೆ ತೊಟ್ಟಿಲು ಬಿಟ್ಟು ಎದೆಗೆ ಅಂಟಿಕೊಳ್ಳುತ್ತದೆ.

ಮೊದಲ ಮೂರು ರಾತ್ರಿ ಎಂದಿನಂತೆ ತೂಗಿ, ರೆಪ್ಪೆ ಭಾರವಾದ ಕೂಡಲೇ ನಿಲ್ಲಿಸಿ ಎದೆಯ ಮೇಲೆ ಅಂಗೈ ಇಡುವುದು. ಮುಂದಿನ ಮೂರು ರಾತ್ರಿ ಗಡಿಯಾರ ನೋಡಿ ಐದೇ ನಿಮಿಷ ತೂಗಿ, ನಿಂತ ತೊಟ್ಟಿಲಲ್ಲೇ ತೊಡೆ ತಟ್ಟುವುದು. ಏಳನೆಯ ರಾತ್ರಿ ತೊಟ್ಟಿಲು ಇದ್ದ ಜಾಗದಲ್ಲೇ ಹತ್ತಿ ಹಾಸಿಗೆ, ತೊಟ್ಟಿಲಿಗೆ ಹಾಸುತ್ತಿದ್ದ ಬಟ್ಟೆಯನ್ನೇ ಅದಕ್ಕೆ ಬಿಗಿಯಾಗಿ ಸಿಕ್ಕಿಸಿ. ನಿಮಿಷಕ್ಕೆ ಅರವತ್ತರಂತೆ ತಟ್ಟಲು ಶುರುಮಾಡಿ ನಿಧಾನ ಮಾಡುತ್ತಾ, ಮಗು ಪೂರ್ತಿ ಮಲಗುವ ಮುಂಚೆ ಕೈ ನಿಲ್ಲಿಸಬೇಕು. ಪೂರ್ತಿ ಮಲಗುವವರೆಗೆ ತಟ್ಟಿದರೆ ಈಗ ತಟ್ಟುವುದೇ ಹೊಸ ತೊಟ್ಟಿಲು. ಹಗಲಿನದೂ ಸೇರಿ ಒಟ್ಟು ಮೂರು ವಾರ ಹಿಡಿಯಿತು. ಎರಡನೆಯ ವಾರದಲ್ಲಿ ಎರಡು ರಾತ್ರಿ ಮೊದಲಿಗಿಂತ ಹದಗೆಡುತ್ತದೆ. ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ನಲವತ್ತು ನಿಮಿಷ ಅಳಿಸಿ ಕೊನೆಗೆ ತೊಟ್ಟಿಲಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ, ನಲವತ್ತು ನಿಮಿಷ ಅತ್ತರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ತೂಗುವುದೇ ಆದರೆ ಎರಡನೆಯ ನಿಮಿಷದಲ್ಲೇ ತೂಗಿ, ನಾಳೆ ನೋಡಿದರಾಯಿತು. ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಅಳಿಸುವ ವಿಧಾನ ನನಗೆ ಒಪ್ಪಿಗೆಯಿಲ್ಲ, ಕೈಯಳತೆಯಲ್ಲಿ ಕೂತೇ ಇದು ಸಾಧ್ಯ. ನಡುರಾತ್ರಿ ಹಸಿವಿನ ಹಾಲನ್ನು ಒಂದೆರಡು ಸಲ ಕೊಡುತ್ತಲೇ ಇದ್ದೆ, ಅದನ್ನು ಇದರ ಜೊತೆ ಬೆರೆಸಬಾರದು.

ಎಷ್ಟು ಹೊತ್ತು ಎಚ್ಚರವಿಡಬೇಕು? ಮೂರು ನಾಲ್ಕು ತಿಂಗಳಿಗೆ ಒಂದೂವರೆಯಿಂದ ಎರಡು ಗಂಟೆ, ಆರಕ್ಕೆ ಎರಡೂವರೆ, ಒಂಬತ್ತಕ್ಕೆ ಮೂರು, ವರ್ಷಕ್ಕೆ ಮೂರೂವರೆಯಿಂದ ನಾಲ್ಕು. ಇವು ಕೈಲೆಕ್ಕ, ಅರ್ಧ ಗಂಟೆ ಆಚೀಚೆ ಮಗುವಿಗೆ ಬಿಟ್ಟದ್ದು. ಕಣ್ಣು ಎಲ್ಲೋ ನೆಟ್ಟು, ಕಿವಿ ಎಳೆದುಕೊಂಡರೆ ಹೊತ್ತಾಯಿತು. ಬೆನ್ನು ಸೆಟೆದು ಚೀರಿದರೆ ಹೊತ್ತು ಮೀರಿತು.

ಮೂರನೆಯ ತಿಂಗಳಲ್ಲೇ ರಾಗಿ ಕುಡಿಸಿದರೆ ರಾತ್ರಿಯೆಲ್ಲ ಮಲಗುತ್ತದೆ ಎಂಬ ಸಲಹೆಗೆ ಕಿವಿಗೊಡಬೇಡಿ. ಆರು ತುಂಬಿದ ಮೇಲೆ ರಾಗಿ ಸರಿ, ಅದೂ ಮೊಳಕೆ ಬರಿಸಿದ್ದು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಬಿಟ್ಟು, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಬೇಕು. ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ತೆಳುವಾಗುತ್ತದೆ, ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಹುರಿಯುವಾಗ ಕಪ್ಪಾಗಿಸಿದರೆ ಆ ಗುಣ ಸಾಯುತ್ತದೆ. ಹಿಟ್ಟನ್ನು ನೀರಿನಲ್ಲಿ ಕದಡಿ ಆರೇಳು ನಿಮಿಷ ಬೇಯಿಸಿ. ಚಮಚದಿಂದ ಸುರಿಯದೆ ನಿಧಾನ ಜಾರುವಷ್ಟು ಗಟ್ಟಿ ಇರಬೇಕು, ನೀರು ನೀರಾದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಎರಡು ಮೂರು ಚಮಚ, ದಿನಕ್ಕೆ ಎರಡು ಸಲ, ಬರಬರುತ್ತಾ ಅರ್ಧ ಬಟ್ಟಲು. ರಾಗಿಯೊಂದೇ ಸಾಲದು, ಬೇಳೆ, ಮೊಟ್ಟೆ, ಸೊಪ್ಪು ಒಂದೊಂದಾಗಿ ಸೇರಲಿ. ಹೊಸ ಪದಾರ್ಥ ಬೆಳಗಿನ ಹೊತ್ತು ಕೊಡಿ, ಮೈಗೆ ಒಗ್ಗದಿದ್ದರೆ ಹಗಲಲ್ಲೇ ತಿಳಿಯುತ್ತದೆ. ರಾತ್ರಿಯೂಟ 6.30ಕ್ಕೆ ಮುಗಿಯಲಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ಆರು ತಿಂಗಳಿಂದ ವಾರಕ್ಕೆರಡು ಸಲ, ಒಂದು ಎಂಎಲ್. ಮಲ ಕಪ್ಪಾಗುತ್ತದೆ, ಗಾಬರಿ ಬೇಡ.

ಲಸಿಕೆಯ ರಾತ್ರಿಗಳಲ್ಲಿ ಯಾವ ನಿಯಮವೂ ಇಲ್ಲ, ಹೆಗಲೇ ಸರಿ. ಜ್ವರದ ಔಷಧಿಯಲ್ಲಿ ಮಾತ್ರ ಎಚ್ಚರ: ಪ್ಯಾರಾಸಿಟಮಾಲ್ ಡ್ರಾಪ್ಸ್ ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್ ಐದು ಎಂಎಲ್‌ಗೆ 120 ಅಥವಾ 250. ಡಾಕ್ಟರು ಸಿರಪ್ಪಿಗೆ ಬರೆದ ಅಳತೆಯನ್ನು ಡ್ರಾಪ್ಸಿನಲ್ಲಿ ಕೊಟ್ಟರೆ ಎರಡರಿಂದ ನಾಲ್ಕು ಪಟ್ಟು ಹೋಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಎಂಟರಿಂದ ಹತ್ತನೆಯ ತಿಂಗಳಲ್ಲಿ ಮತ್ತೆ ನಿದ್ದೆ ಕೆಡುತ್ತದೆ, ಈ ಸಲ ಕಾರಣ ಬೆಳವಣಿಗೆ. ನಡುರಾತ್ರಿ ಏನನ್ನೋ ಹಿಡಿದು ಎದ್ದು ನಿಲ್ಲುತ್ತದೆ, ಕೂರಲು ಗೊತ್ತಿಲ್ಲದೆ ಅಳುತ್ತದೆ. ಹಗಲಲ್ಲಿ ದಿವಾನದ ಅಂಚು ಹಿಡಿಸಿ, ನೆಲದಲ್ಲಿ ಆಟಿಕೆ ಇಟ್ಟು, ಮಂಡಿ ಬಾಗಿಸಿ ಕೂರುವುದನ್ನು ದಿನಕ್ಕೆ ಹತ್ತು ಹನ್ನೆರಡು ಸಲ ಮಾಡಿಸಿದೆ, ವಾರದೊಳಗೆ ರಾತ್ರಿ ಸರಿಯಾಯಿತು. ಇದೇ ಹೊತ್ತಿಗೆ ಹೊಸಬರನ್ನು ಕಂಡರೆ ಹೆದರಿಕೆ, ಅಮ್ಮ ಕಣ್ಮರೆಯಾದರೆ ಅಳು. ಮಗುವಿನ ಕಣ್ಣುತಪ್ಪಿಸಿ ಹೊರಗೆ ಹೋಗುವ ಉಪಾಯ ರಾತ್ರಿಗೆ ದುಬಾರಿಯಾಗುತ್ತದೆ. ಟಾಟಾ ಹೇಳಿಯೇ ಹೋಗಿ, ಅಳಲಿ.

ನಡೆಯಲಿಲ್ಲ ಅಂತ ಹತ್ತನೇ ತಿಂಗಳಿಗೇ ವಾಕರ್ ತರುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ಕೊಟ್ಟ ಲೆಕ್ಕದಲ್ಲಿ, ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ತಾನೇ ನಡೆಯುವುದು 8.2ರಿಂದ 17.6. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದಿದ್ದಾರೆ. ವಾಕರ್ ನಡಿಗೆಯನ್ನು ಬೇಗ ಮಾಡುವುದಿಲ್ಲ, ಮೆಟ್ಟಿಲಿನಿಂದ ಬೀಳಿಸುತ್ತದೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿತು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ತಿಂಗಳನ್ನು ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷದೊಳಗೇ ಒಂದೇ ಕೈ ಬಳಸುತ್ತಿದ್ದರೆ, ಕಲಿತದ್ದನ್ನು ಮರೆತರೆ, ಕಾಯಬಾರದು. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೆಂದೇ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿವೆ. ಕಿವಿಯ ತಪಾಸಣೆ ಒಂದು ತಿಂಗಳೊಳಗೆ ಆಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ಮಗು ಮಲಗಿದ್ದಾಗಲೇ ಮಾಡುವುದರಿಂದ ಹಾಲು ಕುಡಿಸದೆ ಕರೆದೊಯ್ದು, ಅಲ್ಲೇ ಕುಡಿಸಿ ಮಲಗಿಸಿ.

ವರ್ಷ ತುಂಬುವಾಗ ಹಗಲಿನ ಎರಡನೆಯ ನಿದ್ದೆಗೆ ಒಂದು ವಾರ ಹಟ ಹಿಡಿಯುತ್ತದೆ. ಬೇಡವಾಯಿತು ಅಂದುಕೊಂಡು ತೆಗೆದುಹಾಕಬೇಡಿ, ಬಹಳ ಮಕ್ಕಳಿಗೆ ಅದು 14ರಿಂದ 18 ತಿಂಗಳವರೆಗೂ ಬೇಕು. ಬೆಳಗಿನ ನಿದ್ದೆಯನ್ನು ಮುಕ್ಕಾಲು ಗಂಟೆಗೆ ಎಬ್ಬಿಸಿದರೆ ಮಧ್ಯಾಹ್ನದ್ದು ತಾನಾಗಿ ವಾಪಸ್ ಬರುತ್ತದೆ.